ರಾಯರು ಕಿವಿಯಲ್ಲಿ ಓದಿದ ನಂಬರ್

1990ರಲ್ಲಿ ನಾನು ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಒಂದು ಪೇಪರ್ ಸಗಟು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮಹಡಿ ಮೇಲೆ ಆಫೀಸು. ಒಂದು ಪಿಸಿ ಎಕ್ಸ್‌ಟಿ ಕಂಪ್ಯೂಟರು, ಪಕ್ಕದಲ್ಲಿ ನಮ್ಮ ದೂರವಾಣಿನಗರದ ಐಟಿಐ ಫೋನ್ ಕಾರ್ಖಾನೆಯಲ್ಲೇ ತಯಾರಾದ ಕಪ್ಪು ಫೋನು. ಎಸ್‌ಟಿಡಿ, ಅಂದರೆ ಬೇರೆ ಊರಿನ ಕರೆಯ, ಬಿಲ್ಲಿಗೆ ಹೆದರಿ ಆಗ ಡಯಲಿಗೆ ಪುಟ್ಟ ಬೀಗ ಹಾಕುತ್ತಿದ್ದರಲ್ವಾ, ಇಲ್ಲೂ ಇತ್ತು. ಬೀಗದ ಕೈ ಲೆಕ್ಕ ಬರೆಯುವ ರಾಯರ ಜನಿವಾರದಲ್ಲಿ.

ರಾಯರಿಗೆ ಬೆರಳಿನ ಗೆಣ್ಣು ನೋವು. ಪೆನ್ನಿನ ಹಿಂಬದಿಯಿಂದ ಡಯಲ್ ತಿರುಗಿಸುತ್ತಿದ್ದರು. ಎಂಗೇಜ್ ಬಂದರೆ ಮತ್ತೆ ಮೊದಲಿಂದ. ಮಾರ್ಚ್ ತಿಂಗಳಲ್ಲಿ ಬಾಕಿ ವಸೂಲಿ ಅಂದರೆ ಬೆಳಗಿಂದ ಸಂಜೆವರೆಗೂ ಫೋನೇ. ಸಂಜೆ ಹೊತ್ತಿಗೆ ಕೈಯನ್ನು ಬಿಸಿ ಕಾಫಿ ಲೋಟಕ್ಕೆ ಸುತ್ತಿ ಕೂತಿರುತ್ತಿದ್ದರು. ನೋಡಲು ನನಗೆ ಕಷ್ಟವಾಗುತ್ತಿತ್ತು.

ಆ ವರ್ಷ ಮದ್ರಾಸ್ ಶಾಖೆಯ ಲೆಕ್ಕ ತರಿಸಿಕೊಳ್ಳಲು ಮಾಲೀಕರು ಮೋಡೆಮ್ ಕೊಂಡರು, ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನ. ನನ್ನ ಹತ್ತಿರ ಸೈಡ್‌ಕಿಕ್ ಅನ್ನೋ ಪ್ರೋಗ್ರಾಂ ಮೊದಲೇ ಇತ್ತು. ಕ್ಯಾಲಿಫೋರ್ನಿಯಾದ ಬೋರ್ಲ್ಯಾಂಡ್ ಕಂಪನಿ 1984ರಲ್ಲಿ ಹೊರತಂದದ್ದು. ಆಗ ಕಂಪ್ಯೂಟರು ನಡೆಸುತ್ತಿದ್ದ ಡಾಸ್‌ನಲ್ಲಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ನಡೆಯುತ್ತಿತ್ತು. ವರ್ಡ್‌ಸ್ಟಾರ್‌ನಲ್ಲಿ ಪತ್ರ ಬರೆಯುವಾಗ ಯಾರದ್ದೋ ನಂಬರ್ ಬೇಕಾದರೆ ಪತ್ರ ಸೇವ್ ಮಾಡಿ, ಹೊರಗೆ ಬಂದು, ಇನ್ನೊಂದು ಫೈಲು ಹುಡುಕಬೇಕು. ಸೈಡ್‌ಕಿಕ್ ಮಾತ್ರ ಮೆಮೊರಿಯ ಒಂದು ಮೂಲೆಯಲ್ಲಿ ಸುಮ್ನೆ ಕೂತು ಕೀಬೋರ್ಡಿನ ಕಡೆ ಕಿವಿಗೊಟ್ಟಿರುತ್ತಿತ್ತು. ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದರೆ ಸಾಕು, ಪತ್ರದ ಮೇಲೆಯೇ ಪುಟ್ಟ ಕಿಟಕಿ ತೆರೆಯುತ್ತಿತ್ತು. ನೋಟ್‌ಪ್ಯಾಡು, ಕ್ಯಾಲ್ಕುಲೇಟರು, ಕ್ಯಾಲೆಂಡರು, ಮೋಡೆಮ್ ಮೂಲಕ ತಾನೇ ನಂಬರ್ ತಿರುಗಿಸುವ ಫೋನ್ ಡಯಲರ್. ಎಸ್ಕೇಪ್ ಒತ್ತಿದರೆ ಮಾಯ, ಪತ್ರ ಬಿಟ್ಟ ಜಾಗದಲ್ಲೇ ಇರುತ್ತಿತ್ತು. ಇಡೀ ಯಂತ್ರಕ್ಕೆ ಇದ್ದದ್ದು 640 ಕೆಬಿ ಮೆಮೊರಿ. ಅದರಲ್ಲೇ ಇಷ್ಟು ಅಚ್ಚುಕಟ್ಟು. ಇವತ್ತಿಗೂ ಆ ಕೆಲಸದ ಬಗ್ಗೆ ನನಗೆ ಗೌರವ.

ರಾಯರ ಉದ್ದನೆಯ ನೋಟ್‌ಬುಕ್ಕು ಇಟ್ಟುಕೊಂಡು ಎರಡು ಮಧ್ಯಾಹ್ನ ನಂಬರ್ ಟೈಪ್ ಮಾಡಿದೆ. ಫೋನಿನ ಫೈಲು ಬರೀ ಟೆಕ್ಸ್ಟ್, ಸಾಲಿನಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. ಹಾಗಾಗಿ ರಾಯರು ನಂಬರಿನ ಪಕ್ಕ ಬರೆದುಕೊಂಡಿದ್ದನ್ನೂ ಬಿಡಲಿಲ್ಲ. ‘ಮಧ್ಯಾಹ್ನ ಮಲಗುತ್ತಾರೆ’, ‘ಮಗನ ಹತ್ತಿರ ದುಡ್ಡಿನ ಮಾತು ಬೇಡ’, ‘ತಾಯಿಯ ಆರೋಗ್ಯ ಕೇಳಬೇಕು’. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ.

ಮೊದಲ ಕರೆ ಹೋಗಲೇ ಇಲ್ಲ. ಮೋಡೆಮ್ ಪೀಂ ಪೀಂ ಅಂತ ಹಾಡಿತು, ಡಯಲ್ ಟೋನ್ ಹಾಗೇ ಗೊರ್ ಅನ್ನುತ್ತಿತ್ತು. ಅರ್ಧ ಗಂಟೆ ಒದ್ದಾಡಿದ ಮೇಲೆ ಗೊತ್ತಾಯಿತು. ಅದು ಕಳಿಸುತ್ತಿದ್ದದ್ದು ಟೋನ್, ಅಂದರೆ ಅಂಕಿಗೊಂದು ಸ್ವರ; ನಮ್ಮ ಎಕ್ಸ್‌ಚೇಂಜಿಗೆ ಅರ್ಥವಾಗುತ್ತಿದ್ದದ್ದು ಪಲ್ಸ್ ಮಾತ್ರ. ಸೆಟ್ಟಿಂಗ್ ಬದಲಿಸಿದೆ. ಈ ಸಲ ಮೋಡೆಮ್ ಒಳಗಿಂದ ಟಕಟಕ ಸದ್ದು ಬಂತು. ಒಂದಕ್ಕೆ ಒಂದು ಟಕ್, ಐದಕ್ಕೆ ಐದು, ಸೊನ್ನೆಗೆ ಹತ್ತು. ಸೆಕೆಂಡಿಗೆ ಹತ್ತರಂತೆ. ಕಪ್ಪು ಫೋನಿನ ಡಯಲ್ ವಾಪಸ್ ತಿರುಗುವಾಗ ಲೈನಿಗೆ ಕಳಿಸುವುದೂ ಅದನ್ನೇ. ಡಯಲಿನ ಬೀಗಕ್ಕೆ ಇನ್ನು ಕೆಲಸವಿರಲಿಲ್ಲ.

ಎರಡನೇ ಕರೆ ಮೈಸೂರಿನ ಒಂದು ಪ್ರೆಸ್ಸಿಗೆ. ರಾಯರು ಕುರ್ಚಿ ಎಳೆದುಕೊಂಡು ಮೋಡೆಮ್ ಪಕ್ಕ ಕೂತರು. ನಾನು ಸಾಲು ಹುಡುಕಿ ಎಂಟರ್ ಒತ್ತಿದೆ. ಉದ್ದಕ್ಕೆ ಟರ್‌ರ್‌ರ್ ಅಂತ ಸೊನ್ನೆ. ಆಮೇಲೆ ಎಂಟು, ಎರಡು, ಮತ್ತೆ ಇನ್ನೊಂದು ಅಂಕಿ.

“ತಡಿಯಪ್ಪಾ, ನಿಲ್ಸು ನಿಲ್ಸು!”

ಗಾಬರಿಯಲ್ಲಿ ನಿಲ್ಲಿಸಿದೆ. “ಯಾಕೆ ರಾಯರೇ?”

“ಮೈಸೂರಿಗೆ ನಾಲ್ಕನೆಯದು ಒಂದೇ ಟಕ್. ಇದು ನಾಲ್ಕು ಹೊಡೀತು. ಮಂಗಳೂರಿಗೆ ಹೋಗ್ತಿದೆ ನಿನ್ನ ಫೋನು.”

ಪರದೆ ನೋಡಿದೆ. ಮೈಸೂರಿನ ಎಸ್‌ಟಿಡಿ ಕೋಡ್ 0821 ಇರಬೇಕಾದ ಕಡೆ 0824 ಟೈಪ್ ಮಾಡಿದ್ದೆ. ಮೇಲಿನ ಸಾಲು ಮಂಗಳೂರಿನದು, ಕೈ ಅದನ್ನೇ ಮತ್ತೆ ಹೊಡೆದಿತ್ತು. ಆ ವೇಗದಲ್ಲಿ ನನಗೆ ಎರಡಕ್ಕೂ ಮೂರಕ್ಕೂ ವ್ಯತ್ಯಾಸ ಕೇಳುತ್ತಿರಲಿಲ್ಲ. ರಾಯರು ಮೂವತ್ತು ವರ್ಷ ರಿಸೀವರ್ ಕಿವಿಗಿಟ್ಟುಕೊಂಡು ಡಯಲ್ ವಾಪಸ್ ಬರುವ ಸದ್ದು ಕೇಳಿದವರು. ನಂಬರು ಅವರಿಗೆ ಕಣ್ಣಿಗಿಂತ ಜಾಸ್ತಿ ಕಿವಿಯಲ್ಲಿತ್ತು.

ಆವತ್ತಿಂದ ಅದೇ ಕ್ರಮವಾಯಿತು. ನಾನು ಎಂಟರ್ ಒತ್ತುತ್ತಿದ್ದೆ. ರಾಯರು ಕಣ್ಣು ಮುಚ್ಚಿ ಕೇಳಿ “ಹೂಂ, ಸರಿ” ಅನ್ನುತ್ತಿದ್ದರು. ಆಮೇಲೆ ನಾನು ರಿಸೀವರ್ ಎತ್ತಿ ಅವರ ಕೈಗೆ ಕೊಡುತ್ತಿದ್ದೆ. ಆ ಮಾರ್ಚ್‌ನಲ್ಲಿ ಕಾಫಿ ಲೋಟವನ್ನು ಅವರು ಬರೀ ಕಾಫಿಗೆ ಹಿಡಿದರು.

ಆ ಫೈಲು ನನ್ನ ಹತ್ತಿರ ಈಗಲೂ ಇದೆ. ಫ್ಲಾಪಿಯಿಂದ ಸಿಡಿಗೆ, ಅಲ್ಲಿಂದ ಪೆನ್‌ಡ್ರೈವಿಗೆ ದಾಟಿಸಿಕೊಂಡು ಬಂದೆ. ಬರೀ ಟೆಕ್ಸ್ಟ್ ಆದ್ದರಿಂದ ಯಾವ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಬೆಂಗಳೂರಿನ ನಂಬರಿನ ಆರು ಅಂಕಿ ಏಳಾಯಿತು, ಆಮೇಲೆ ಶುರುವಿಗೆ ‘2’ ಸೇರಿ ಎಂಟಾಯಿತು. ಊರಿನ ಕೋಡ್ 0812 ಹೋಗಿ 080 ಬಂತು. ಅದರಲ್ಲಿರುವ ನಂಬರಿಗೆ ಈಗ ಯಾರೂ ಸಿಗುವುದಿಲ್ಲ. ಮೊನ್ನೆ ತೆರೆದಾಗ ರಾಯರ ಮನೆಯ ಸಾಲು ಸಿಕ್ಕಿತು. ಬೆರಳಿನಿಂದ ಮೇಜಿನ ಮೇಲೆ ಒಂದೊಂದೇ ಅಂಕಿ ತಟ್ಟಿದೆ. ಕೊನೆಯದು ಸೊನ್ನೆ. ಹತ್ತು ಸಲ ತಟ್ಟಿ, “ಹೂಂ, ಸರಿ” ಕೇಳುವಷ್ಟು ಹೊತ್ತು ಸುಮ್ನೆ ಕೂತಿದ್ದೆ.