ದ್ರೋಹದ ಪದಗಳ ಡಬ್ಬಿ: ಐದನೇ ವಾರ

ಈ ವಾರ ಹೊಸದಾಗಿ ಸೇರಿದ್ದು ಆರೇ ಕಾರ್ಡು. ಒಟ್ಟು 31 ಆಯಿತು. ಹೊಸ ಪದ ಹುಡುಕಿದ್ದಕ್ಕಿಂತ, ಕಟ್ಟಿಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ್ದೇ ಜಾಸ್ತಿ.

ಮಾಡುತ್ತಿರುವುದು ಇಷ್ಟು. ದ್ರೋಹ, ನಂಬಿಕೆಗೇಡಿತನಕ್ಕೆ ಇಂಗ್ಲಿಷಿನಲ್ಲಿರುವ ಪದಗಳನ್ನು ಒಂದೊಂದು ಕಾರ್ಡಿನಲ್ಲಿ ಬರೆಯುತ್ತೇನೆ. ಬೇರು ಒಂದೇ ಆಗಿದ್ದರೆ ಒಂದೇ ರಬ್ಬರ್ ಬ್ಯಾಂಡ್ ಹಾಕುತ್ತೇನೆ.

ಟ್ರೇಟರ್, ಟ್ರೀಸನ್, ಬಿಟ್ರೇ, ಟ್ರೆಚರಿ. ಈ ನಾಲ್ಕನ್ನೂ ಮೊದಲ ವಾರವೇ ಒಂದು ಕಟ್ಟು ಮಾಡಿದ್ದೆ. ಕೇಳಿದರೆ ಅಣ್ಣತಮ್ಮಂದಿರ ಹಾಗೇ ಇವೆ, ಅಲ್ವಾ? ಮೊದಲ ಮೂರು ನಿಜಕ್ಕೂ ಒಡಹುಟ್ಟಿದವು. ಲ್ಯಾಟಿನ್ನಿನ 'ಟ್ರಾಡೆರೆ', ಅಂದರೆ ಇನ್ನೊಬ್ಬರ ಕೈಗೆ ಒಪ್ಪಿಸು, ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಟ್ರೆಚರಿ ಮಾತ್ರ ಬೇರೆ ಮನೆಯದು. ಹಳೆಯ ಫ್ರೆಂಚಿನಲ್ಲಿ ಮೋಸ ಮಾಡುವುದಕ್ಕೆ ಇದ್ದ ಪದದಿಂದ ಬಂದದ್ದು. ಟ್ರಿಕ್ ಅದರ ನೆಂಟ. ಅದನ್ನು ಆಚೆ ತೆಗೆದೆ.

ಖಾಲಿಯಾದ ಜಾಗಕ್ಕೆ ಬಂದದ್ದು ಟ್ರೆಡಿಶನ್. ಇದೂ ಟ್ರಾಡೆರೆಯ ಮಗುವೇ! ಅಜ್ಜಿ ಮೊಮ್ಮಗಳಿಗೆ ಒಪ್ಪಿಸಿದರೆ ಸಂಪ್ರದಾಯ. ಕಾವಲಿನವನು ಕೋಟೆಯ ಬೀಗದ ಕೈಯನ್ನು ಶತ್ರುವಿಗೆ ಒಪ್ಪಿಸಿದರೆ ದ್ರೋಹ. ಕ್ರಿ.ಶ. 303ರಲ್ಲಿ ರೋಮಿನ ಚಕ್ರವರ್ತಿ ಡಯೊಕ್ಲೀಶಿಯನ್ ಕ್ರೈಸ್ತರ ಪವಿತ್ರ ಗ್ರಂಥಗಳನ್ನು ಸುಡಲು ಆಜ್ಞೆ ಹೊರಡಿಸಿದ. ಹೆದರಿ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟವರನ್ನು ಉಳಿದ ಕ್ರೈಸ್ತರು 'ಟ್ರಾಡಿಟೋರೆಸ್' ಎಂದರು. ಒಪ್ಪಿಸಿದವರು ಅಂತ ಅಷ್ಟೇ ಅರ್ಥ. ಉತ್ತರ ಆಫ್ರಿಕಾದ ಚರ್ಚು ಈ ಜಗಳದಲ್ಲಿ ಒಡೆದೇ ಹೋಯಿತು. ಈ ಕಾರ್ಡು ಬರೆಯುವಾಗ ತುಂಬಾ ಹೊತ್ತು ಕೈ ನಿಂತಿತ್ತು. ಪ್ರಾಣಭಯದಲ್ಲಿ ಪುಸ್ತಕ ಕೊಟ್ಟವನನ್ನು ದ್ರೋಹಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪಕ್ಕದಲ್ಲಿ ಕನ್ನಡದ್ದೂ ಬರೆಯುತ್ತೇನಲ್ಲ, ಮೊದಲು ಹೊಳೆದದ್ದು 'ಕೈಕೊಡು'. ಆದರೆ ಮಳೆಯೂ ಕೈಕೊಡುತ್ತದೆ, ಬೈಕೂ ಕೈಕೊಡುತ್ತದೆ. ಅಲ್ಲಿ ಯಾರನ್ನೂ ಯಾರಿಗೂ ಒಪ್ಪಿಸುವುದಿಲ್ಲ. ಸರಿಯಾಗಿ ಕೂತದ್ದು 'ಹಿಡಿದುಕೊಡು'. ಕನ್ನಡ ಬೈಬಲ್ಲಿನಲ್ಲಿ ಯೂದ ಮೂವತ್ತು ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಡುತ್ತಾನೆ. ಟ್ರಾಡೆರೆಯ ಎದುರಿಗೆ ಇಡಲು ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಪರ್ಫಿಡಿಯೂ ಮುಗಿಯಿತು. ಒಳಗಿರುವುದು 'ಫಿಡೆಸ್', ನಂಬಿಕೆ. ನಮ್ಮ ನಂಬಿಕೆದ್ರೋಹವೇ.

ಮನುಷ್ಯರ ಹೆಸರೇ ದ್ರೋಹದ ಪದವಾದವುಗಳ ಕಟ್ಟಿಗೆ ಒಂದೇ ಸೇರಿತು, ಕ್ವಿಸ್ಲಿಂಗ್. 1940ರ ಏಪ್ರಿಲ್ 9ರಂದು ಜರ್ಮನಿ ನಾರ್ವೆಗೆ ನುಗ್ಗಿತು. ಆ ಸಂಜೆಯೇ ಅಲ್ಲಿನ ರಾಜಕಾರಣಿ ವಿಡ್ಕುನ್ ಕ್ವಿಸ್ಲಿಂಗ್ ರೇಡಿಯೋದಲ್ಲಿ ಸರ್ಕಾರ ತನ್ನದೆಂದು ಸಾರಿದ. ಅದೇ ತಿಂಗಳು ಲಂಡನ್ನಿನ ದಿ ಟೈಮ್ಸ್ ಪತ್ರಿಕೆ ಆ ಹೆಸರನ್ನು ದೇಶದ್ರೋಹಿ ಅನ್ನುವ ಅರ್ಥದಲ್ಲೇ ಬಳಸಿತು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ನಮ್ಮಲ್ಲಿ ಮೀರ್ ಸಾದಿಕ್ ಅನ್ನುವ ಹೆಸರಿಗೂ ಹೀಗೇ ಆಯಿತು.

ಉಳಿದಿರುವುದು ಪೆಟಿ ಟ್ರೀಸನ್, ಚಿಕ್ಕ ದ್ರೋಹ. ಇಂಗ್ಲೆಂಡಿನ 1351ರ ಕಾನೂನಿನಲ್ಲಿದೆ. ಆಳು ಧಣಿಯನ್ನು ಕೊಂದರೆ, ಹೆಂಡತಿ ಗಂಡನನ್ನು ಕೊಂದರೆ ಅದು ಬರೀ ಕೊಲೆಯಲ್ಲ, ದ್ರೋಹ. ಗಂಡ ಹೆಂಡತಿಯನ್ನು ಕೊಂದರೆ ಬರೀ ಕೊಲೆ. ಈ ಅಪರಾಧಕ್ಕೆ ಹೆಂಗಸರನ್ನು ಸುಡುವ ಶಿಕ್ಷೆ 1790ರವರೆಗೂ ಇತ್ತು. ಅಪರಾಧವನ್ನೇ ತೆಗೆದುಹಾಕಿದ್ದು 1828ರಲ್ಲಿ. ಓದಿ ಹೊಟ್ಟೆ ಉರಿಯಿತು. ಹೆಸರಿನಲ್ಲಿ ಟ್ರೀಸನ್ ಇದೆ, ಆದರೆ ಇಲ್ಲಿ ಯಾರು ಯಾರನ್ನು ಹಿಡಿದುಕೊಟ್ಟರು? ಯಾವ ಕಟ್ಟಿಗೂ ಹಾಕಲು ಕೈ ಬರಲಿಲ್ಲ. ಸದ್ಯಕ್ಕೆ ಡಬ್ಬಿಯ ಮುಚ್ಚಳದ ಒಳಗೆ ಬೇರೆಯಾಗಿ ಸಿಕ್ಕಿಸಿಟ್ಟಿದ್ದೇನೆ.