ಒಸಾಫುನೆಗೆ ಹೋಗ್ತೀರಾ? ಕತ್ತಿಯ ಹಿಡಿಯನ್ನೂ ನೋಡಿ ಬನ್ನಿ

ಜಪಾನಿಗೆ ಹೋದವರು ಕತ್ತಿ ನೋಡುವುದನ್ನು ಸಾಮಾನ್ಯವಾಗಿ ಟೋಕಿಯೊದಲ್ಲೇ ಮುಗಿಸಿಬಿಡುತ್ತಾರೆ. ಗಾಜಿನ ಹಿಂದಿನ ಅಲಗು ಸಾಕು ಅನ್ನುವವರಿಗೆ ಅದು ಸರಿ. ಕತ್ತಿ ಕೂಡುವುದು ಹೇಗೆ ಅಂತ ನೋಡಬೇಕಿದ್ದರೆ ಒಕಾಯಾಮ ನಗರದ ಹತ್ತಿರದ ಒಸಾಫುನೆಗೆ ಹೋಗಿ. ಹಳೆಯ ಬಿಜೆನ್ ಸೀಮೆಯ ಕಮ್ಮಾರರ ಊರು ಅದು.

ಒಕಾಯಾಮದಿಂದ ಅಕೋ ಲೈನಿನ ಲೋಕಲ್ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಒಸಾಫುನೆ. ನಾವು ಎಡವಿದ್ದು ಅಲ್ಲೇ. ಪುಟ್ಟ ಸ್ಟೇಷನ್, ಹೊರಗೆ ಒಂದು ಟ್ಯಾಕ್ಸಿಯೂ ಇಲ್ಲ. ಬಿಸಿಲಲ್ಲಿ ನಡೆದೇ ಅಲ್ಲಿನ ಕತ್ತಿ ಮ್ಯೂಸಿಯಂ ಸೇರಿದೆವು. ನೀವು ಹೋಟೆಲಿನವರಿಂದ ಫೋನ್ ಮಾಡಿಸಿ ಮೊದಲೇ ಟ್ಯಾಕ್ಸಿ ಹೇಳಿಡಿ. ಸೋಮವಾರ ರಜೆ. ಉಕ್ಕು ಕಾಯಿಸಿ ಬಡಿಯುವುದನ್ನು ಸಾಮಾನ್ಯವಾಗಿ ತಿಂಗಳ ಎರಡನೇ ಭಾನುವಾರ ತೋರಿಸುತ್ತಾರೆ. ಹೊರಡುವ ಮುಂಚೆ ವೆಬ್‌ಸೈಟ್ ನೋಡಿಕೊಳ್ಳಿ.

ಅಲಗನ್ನು ನೇರ ನಿಂತು ನೋಡಿದರೆ ಬರೀ ಉಕ್ಕು. ಸ್ವಲ್ಪ ಕುಕ್ಕರಿಸಿ, ದೀಪದ ಬೆಳಕು ಅಲಗಿನ ಹರಿತವಾದ ಅಂಚಿನ ಮೇಲೆ ಬೀಳುವ ಹಾಗೆ ನೋಡಿ. ಆಗ 'ಹಾಮೊನ್' ಅನ್ನುವ ಬಿಳಿ ಅಲೆಯಂಥ ಗೆರೆ ಏಳುತ್ತದೆ. ಬಿಜೆನ್‌ನವರ ವಿನ್ಯಾಸಕ್ಕೆ 'ಚೋಜಿ' ಅಂತ ಹೆಸರು. ಚೋಜಿ ಅಂದರೆ ಲವಂಗ! ಸಾಲಾಗಿ ಲವಂಗದ ಮೊಗ್ಗು ಇಟ್ಟ ಹಾಗೇ ಕಾಣುತ್ತದೆ. ಒಸಾಫುನೆ ಸೇರಿರುವ ಸೆತೊಉಚಿ ನಗರದವರು 2020ರಲ್ಲಿ ದೇಣಿಗೆ ಎತ್ತಿ ಸುಮಾರು 50 ಕೋಟಿ ಯೆನ್‌ಗೆ ಕೊಂಡ 'ಸಾಂಚೋಮೊ' ಕತ್ತಿ ಇಲ್ಲಿದೆ. ಆದರೆ ಅದನ್ನು ಹೊರಗಿಡುವುದು ಕೆಲವೇ ದಿನ.

ಕಿಡಿ ಹಾರುವ ಕಡೆಗೇ ಜನ ಮುತ್ತಿಕೊಳ್ಳುತ್ತಾರೆ. ನೀವೂ ನೋಡಿ, ಬೇಡ ಅನ್ನಲ್ಲ. ನನ್ನ ಅರ್ಧ ದಿನ ಹೋದದ್ದು ಮಾತ್ರ ಪಕ್ಕದ ವರ್ಕ್‌ಶಾಪ್‌ನಲ್ಲಿ. ಅಲಗು ಬಡಿಯುವವರು ಒಬ್ಬರು, ಸಾಣೆ ಹಿಡಿಯುವವರು ಇನ್ನೊಬ್ಬರು, ಒರೆ ಮಾಡುವವರು, ಹಿಡಿ ಸುತ್ತುವವರು ಬೇರೆ ಬೇರೆ. ಒರೆಗೆ ಹೊನೊಕಿ ಮರ, ನಮ್ಮ ಸಂಪಿಗೆಯ ಬಳಗದ್ದೇ. ಸೀಳಿ, ಒಳಗೆ ಕೊರೆದು, ಎರಡು ಹೋಳನ್ನೂ ಅನ್ನ ಅರೆದ ಅಂಟಿನಲ್ಲಿ ಕೂಡಿಸುತ್ತಾರೆ. ಚಿಕ್ಕವರಿದ್ದಾಗ ಗಾಳಿಪಟಕ್ಕೆ ಅನ್ನ ಮೆತ್ತುತ್ತಿದ್ದೆವಲ್ವಾ, ಅದೇ! ಬೇರೆ ಅಂಟು ಯಾಕಿಲ್ಲ ಅಂದರೆ, ಒಳಗೆ ತುಕ್ಕು ಹಿಡಿದಾಗ ಒರೆಯನ್ನು ಮತ್ತೆ ಬಿಡಿಸಿ ಸ್ವಚ್ಛ ಮಾಡಬೇಕು.

ಹಿಡಿಯ ಮರಕ್ಕೆ ತೊರಕೆ ಮೀನಿನ ಚರ್ಮ, ಅದರ ಮೇಲೆ ದಾರದ ಹೆಣಿಗೆ. ದಾರ ಅಡ್ಡ ಹಾಯುವಲ್ಲೆಲ್ಲ ಮಡಿಸಿದ ಕಾಗದದ ಚೂರು ತುರುಕುತ್ತಾರೆ, ಹೆಣಿಗೆ ಕುಸಿಯದಿರಲಿ ಅಂತ. ಇಷ್ಟೆಲ್ಲ ಆದ ಮೇಲೆ ಅಲಗನ್ನು ಹಿಡಿಗೆ ಸಿಕ್ಕಿಸಿಡುವುದು ಪುಟ್ಟ ಬಿದಿರಿನ ಗೂಟ, 'ಮೆಕುಗಿ'. ಅದನ್ನು ತಟ್ಟಿ ತೆಗೆದರೆ ಇಡೀ ಕತ್ತಿ ಬಿಡಿಬಿಡಿ.

ಕತ್ತಿ ಕೊಳ್ಳುವ ಆಸೆ ಬಿಡಿ. ಹೊರಗೆ ಒಯ್ಯಲು ಅಲ್ಲಿನ ಸರ್ಕಾರದ ಅನುಮತಿ ಬೇಕು, ನಮ್ಮ ಕಸ್ಟಮ್ಸ್ ಗೋಳು ಬೇರೆ. ಬದಲಿಗೆ ಹಳೆಯ ವಸ್ತುಗಳ ಅಂಗಡಿಯಲ್ಲಿ ಒಂದು 'ತ್ಸುಬಾ' ಹುಡುಕಿ. ಹಿಡಿಗೂ ಅಲಗಿಗೂ ನಡುವಿನ ಬಿಲ್ಲೆ ಅದು, ಅಂಗೈಯಗಲ. 1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ಸರ್ಕಾರ ನಿಷೇಧಿಸಿದ ಮೇಲೆ ಇಂಥವು ಎಷ್ಟೋ ಕಳಚಿ ಮಾರಾಟಕ್ಕೆ ಬಂದವು. ಕೊಂಡರೆ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ. ಅದರ ಕಪ್ಪು ಬಣ್ಣ ಕೊಳೆಯಲ್ಲ, ಬೆಲೆ ಇರುವುದೇ ಅದಕ್ಕೆ. ಮನೆಗೆ ತಂದ ಮೇಲೆ ಯಾರೂ ಹುಣಸೆಹಣ್ಣು ಹಚ್ಚಿ ಉಜ್ಜದಂತೆ ನೋಡಿಕೊಳ್ಳಿ. ನಮ್ಮಲ್ಲಿ ಅಮ್ಮ ಆಗಲೇ ನೆನೆ ಹಾಕಿಯಾಗಿತ್ತು.