ಟೆಕ್ಸಾಸ್ ಹೈಸ್ಕೂಲ್ ಪಿಚರ್‌ಗಳ ದಾಖಲೆ: ಇಆರ್‌ಎ ಕಾಲಂ ರಿಪೇರಿ, ಇನ್ನೂ ಉಳಿದ ಕೆಲಸ

ಟೆಕ್ಸಾಸ್‌ನ ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ ಮೆರೆದ ಹುಡುಗರ ಪಟ್ಟಿ ಪಿಚರ್‌ಗಳ (ಚೆಂಡು ಎಸೆಯುವವರ) ಮಟ್ಟಿಗೆ ಒಂದು ಹದಕ್ಕೆ ಬಂದಿದೆ. ಈ ಸಲದ ಕೆಲಸವೆಲ್ಲ ಇಆರ್‌ಎ, ಅಂದರೆ ಪಿಚರ್ ಕೊಟ್ಟ ರನ್‌ಗಳ ಸರಾಸರಿ, ಆ ಕಾಲಂ ಮೇಲೆಯೇ ಹೋಯಿತು. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಹೆಸರು, ಊರು, ಇಸವಿ ತಪ್ಪಿದ್ದರೆ ಯಾರಾದರೂ ತಕ್ಷಣ ಹಿಡಿಯುತ್ತಾರೆ. ಇಆರ್‌ಎ ತಪ್ಪಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. 0.18 ಆಗಲಿ 0.77 ಆಗಲಿ, ನೋಡುವುದಕ್ಕೆ ಎರಡೂ ಅದ್ಭುತವೇ.

ಫೀಲ್ಡರ್‌ಗಳ ಎರರ್‌ನಿಂದ (ತಪ್ಪಿನಿಂದ) ಬಂದ ರನ್ ಬಿಟ್ಟು ಉಳಿದದ್ದು ಅರ್ನ್ಡ್ ರನ್; ಪಿಚರ್ ಒಂದು ಪೂರ್ತಿ ಪಂದ್ಯಕ್ಕೆ ಸರಾಸರಿ ಅಂಥ ಎಷ್ಟು ರನ್ ಕೊಟ್ಟ ಅನ್ನುವುದು ಇಆರ್‌ಎ. ಆ 'ಪೂರ್ತಿ ಪಂದ್ಯ' ಎಷ್ಟು ಇನ್ನಿಂಗ್ಸ್‌ನದು ಅನ್ನುವುದೇ ತೊಡಕು. ವೃತ್ತಿಪರರ ಮೇಜರ್ ಲೀಗ್‌ನಲ್ಲಿ 9, ಹೈಸ್ಕೂಲಿನಲ್ಲಿ 7. ವರದಿಗಳಲ್ಲಿ ಬರುವ ಹೈಸ್ಕೂಲ್ ಅಂಕಿಗಳಲ್ಲಿ ಕೆಲವು ಒಂದರಂತೆ, ಕೆಲವು ಇನ್ನೊಂದರಂತೆ ಇವೆ. ಯಾವುದರಂತೆ ಎಂದು ಬರೆದಿರುವುದು ಅಪರೂಪ. ಹಾಗಾಗಿ ಈಗ ಹಾಳೆಯಲ್ಲಿ ಇಆರ್‌ಎಯನ್ನು ಎಲ್ಲಿಂದಲೂ ಎತ್ತಿ ಹಾಕುವುದಿಲ್ಲ. ಔಟ್‌ಗಳ ಸಂಖ್ಯೆ, ಅರ್ನ್ಡ್ ರನ್, ಇವೆರಡನ್ನೇ ತುಂಬಿ ಹಾಳೆಯಿಂದಲೇ ಲೆಕ್ಕ ತೆಗೆಸುತ್ತೇವೆ.

ಮೊದಲು ಇನ್ನಿಂಗ್ಸ್ ಅನ್ನು ಔಟ್‌ಗೆ ತಿರುಗಿಸಬೇಕು; ಒಂದು ಇನ್ನಿಂಗ್ಸ್‌ಗೆ ಮೂರು ಔಟ್. ಕ್ರಿಕೆಟ್‌ನಲ್ಲಿ 12.3 ಓವರ್ ಅಂದರೆ ಹನ್ನೆರಡೂವರೆ ಓವರ್ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿಯೂ ಹಾಗೆಯೇ: 148.1 ಅಂದರೆ 148 ಇನ್ನಿಂಗ್ಸ್ ಮುಗಿದು ಇನ್ನೊಂದು ಔಟ್. 148ನ್ನು 3ರಿಂದ ಗುಣಿಸಿ 1 ಕೂಡಿದರೆ 445 ಔಟ್. ಇದು ಸ್ಪ್ರೆಡ್‌ಶೀಟ್‌ಗೆ ಗೊತ್ತಿಲ್ಲ. 6.2 ಮತ್ತು 5.2 ಕೂಡು ಅಂದರೆ ಅದು 11.4 ಅನ್ನುತ್ತದೆ, ನಿಜವಾಗಿ ಅದು 20 ಮತ್ತು 17 ಔಟ್, ಒಟ್ಟು 37, ಅಂದರೆ 12.1. ಬಿಂದುವಿನ ಎಡದ ಅಂಕಿಗೆ ಒಂದು ಕಾಲಂ, ಬಲದ ಅಂಕಿಗೆ ಇನ್ನೊಂದು ಕಾಲಂ ಇಡಿ. ಒಂದೇ ಕೋಶದಲ್ಲಿಟ್ಟು ಸೂತ್ರದಿಂದ ಬಿಡಿಸಲು ಹೋದರೆ, 148.1ರಲ್ಲಿ 148 ಕಳೆದಾಗ ಕಂಪ್ಯೂಟರ್ ಒಳಗೆ 0.1 ಬದಲು 0.09999 ಉಳಿಯುತ್ತದೆ. ರೌಂಡ್ ಮಾಡುವುದು ಮರೆತರೆ ಆ ಒಂದು ಔಟ್ ಮಾಯ.

ಔಟ್ ಸಿಕ್ಕ ಮೇಲೆ ಸುಲಭ. ಅರ್ನ್ಡ್ ರನ್ ಅನ್ನು 21ರಿಂದ ಗುಣಿಸಿ ಔಟ್‌ನಿಂದ ಭಾಗಿಸಿದರೆ 7 ಇನ್ನಿಂಗ್ಸ್ ಲೆಕ್ಕ. 27ರಿಂದ ಗುಣಿಸಿದರೆ 9ರ ಲೆಕ್ಕ. ವರದಿಯಲ್ಲಿ ಇಆರ್‌ಎ, ಇನ್ನಿಂಗ್ಸ್ ಎರಡೂ ಇದ್ದು ಅರ್ನ್ಡ್ ರನ್ ಇಲ್ಲದಿದ್ದರೆ ಹಿಂದುಮುಂದಾಗಿ ನಡೆಯಬೇಕು: ಯಾವ ಪೂರ್ಣ ಸಂಖ್ಯೆಯ ರನ್ ಹಾಕಿದರೆ ಅಚ್ಚಾದ ಇಆರ್‌ಎ ಬರುತ್ತದೆ? ರನ್ ಅರ್ಧಂಬರ್ಧ ಬರುವುದಿಲ್ಲವಾದ್ದರಿಂದ ಎಷ್ಟೋ ಸಲ ಎರಡರಲ್ಲಿ ಒಂದು ಲೆಕ್ಕ ಮಾತ್ರ ಕೂಡಿ ಬರುತ್ತದೆ.

ಡೇವಿಡ್ ಕ್ಲೈಡ್ ಸಾಲಿನಿಂದ ಶುರು. ಹ್ಯೂಸ್ಟನ್‌ನ ವೆಸ್ಟ್‌ಚೆಸ್ಟರ್ ಹೈಸ್ಕೂಲ್, 1973. ಗೆಲುವು 18, ಸೋಲು ಸೊನ್ನೆ. 148.1 ಇನ್ನಿಂಗ್ಸ್‌ನಲ್ಲಿ ಕೊಟ್ಟ ಅರ್ನ್ಡ್ ರನ್ ಮೂರೇ ಮೂರು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಹಾಕಿ ಬ್ಯಾಟರ್‌ನನ್ನು ಔಟ್ ಮಾಡುವುದು) 328. ಎಲ್ಲೆಡೆ ಕಾಣುವ ಇಆರ್‌ಎ 0.18. ಮೂರನ್ನು 27ರಿಂದ ಗುಣಿಸಿ 445ರಿಂದ ಭಾಗಿಸಿದರೆ 0.182. ಅಂದರೆ ಇದು 9 ಇನ್ನಿಂಗ್ಸ್ ಲೆಕ್ಕ. ಹೈಸ್ಕೂಲ್ ಲೆಕ್ಕದಲ್ಲಿ 0.14. ಐವತ್ತು ವರ್ಷಗಳಿಂದ ಜನ ಬೆರಗಾಗುತ್ತಿರುವ ಅಂಕಿ ಆ ಹುಡುಗನ ಕೆಲಸವನ್ನು ಕಡಿಮೆ ಮಾಡಿಯೇ ತೋರಿಸುತ್ತಿದೆ.

ಕ್ಲೇಟನ್ ಕರ್ಶಾ, ಡಲ್ಲಾಸ್ ಪಕ್ಕದ ಹೈಲ್ಯಾಂಡ್ ಪಾರ್ಕ್, 2006. 13 ಗೆಲುವು, ಸೋಲಿಲ್ಲ, 64 ಇನ್ನಿಂಗ್ಸ್, 139 ಸ್ಟ್ರೈಕ್‌ಔಟ್, ಇಆರ್‌ಎ 0.77. ಔಟ್ 192. 9ರ ಲೆಕ್ಕದಲ್ಲಿ 5 ರನ್ ಹಾಕಿದರೆ 0.70, 6 ಹಾಕಿದರೆ 0.84; ನಡುವೆ 0.77 ಬರುವ ದಾರಿಯೇ ಇಲ್ಲ. 7ರ ಲೆಕ್ಕದಲ್ಲಿ 7 ರನ್ ಹಾಕಿದರೆ 0.766, ಸರಿಯಾಗಿ ಕೂತಿತು. ಹಾಗಾಗಿ ಕ್ಲೈಡ್‌ನ 0.18, ಕರ್ಶಾನ 0.77 ಇವೆರಡನ್ನು ಅಕ್ಕಪಕ್ಕ ಇಟ್ಟು ಮಾತಾಡುವವರು ಎರಡು ಬೇರೆ ಅಳತೆಗಳನ್ನು ಹೋಲಿಸುತ್ತಿದ್ದಾರೆ. ಹಾಳೆಯಲ್ಲಿ ಈಗ 0.14, 0.77.

ಕೆರಿ ವುಡ್ ಸಾಲು ಮಾತ್ರ ಬಿಡಿಸಲು ಬರುವುದಿಲ್ಲ. ಗ್ರ್ಯಾಂಡ್ ಪ್ರೇರಿ, 1995: 14 ಗೆಲುವು, ಸೋಲಿಲ್ಲ, 81.1 ಇನ್ನಿಂಗ್ಸ್, 152 ಸ್ಟ್ರೈಕ್‌ಔಟ್, ಇಆರ್‌ಎ ಇಲ್ಲಿಯೂ 0.77. ಔಟ್ 244. 9 ರನ್ ಕೊಟ್ಟು 7 ಇನ್ನಿಂಗ್ಸ್ ಲೆಕ್ಕ ಹಾಕಿದರೆ 0.7746. 7 ರನ್ ಕೊಟ್ಟು 9 ಇನ್ನಿಂಗ್ಸ್ ಲೆಕ್ಕ ಹಾಕಿದರೂ 0.7746! ಏಳೊಂಬತ್ತಲಿ ಅರವತ್ತಮೂರು, ಒಂಬತ್ತೇಳಲಿ ಅರವತ್ತಮೂರು; ಗಣಿತ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಇಂಥ ಸಾಲಿಗೆ 'ಅಳತೆ ತೀರ್ಮಾನವಾಗಿಲ್ಲ' ಎಂಬ ಗುರುತು ಹಾಕಿ, ಪಂದ್ಯ ಪಂದ್ಯದ ಬಾಕ್ಸ್ ಸ್ಕೋರ್ (ಪತ್ರಿಕೆಯಲ್ಲಿ ಬರುವ ಪಂದ್ಯದ ಅಂಕಪಟ್ಟಿ) ಕೂಡಿಸಿಯೇ ಮುಗಿಸಬೇಕು. ಊಹೆಯಿಂದ ತುಂಬುವುದು ಬೇಡ.

ಈ ಎಲ್ಲ ತಲೆನೋವಿನಿಂದ ಹೊರಗಿರುವ ಅಳತೆ ಒಂದಿದೆ: ಒಟ್ಟು ಔಟ್‌ಗೆ ಸ್ಟ್ರೈಕ್‌ಔಟ್ ಎಷ್ಟು ಪಾಲು. ಕ್ಲೈಡ್‌ಗೆ ಶೇ. 73.7, ಕರ್ಶಾಗೆ ಶೇ. 72.4, ವುಡ್‌ಗೆ ಶೇ. 62.3. (ಮೂರನೇ ಸ್ಟ್ರೈಕ್ ಕ್ಯಾಚರ್ ಕೈತಪ್ಪಿ ಬ್ಯಾಟರ್ ಫಸ್ಟ್ ಬೇಸ್ ತಲುಪಿದರೂ ಸ್ಟ್ರೈಕ್‌ಔಟ್ ಲೆಕ್ಕಕ್ಕೆ ಬರುತ್ತದೆ, ಔಟ್ ಬರುವುದಿಲ್ಲ. ಆದ್ದರಿಂದ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆ.) 33 ವರ್ಷಗಳ ಅಂತರದಲ್ಲಿ ಇಬ್ಬರು ಎಡಗೈ ಹುಡುಗರು, ನಾಲ್ಕು ಔಟ್‌ಗಳಲ್ಲಿ ಸುಮಾರು ಮೂರನ್ನು ಬ್ಯಾಟರ್‌ನನ್ನೇ ಸೋಲಿಸಿ ಪಡೆದಿದ್ದಾರೆ. ನಮ್ಮ ಪ್ರಕಾರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಜೋಡಿಸಲು ಇದಕ್ಕಿಂತ ಒಳ್ಳೆಯ ಕಾಲಂ ಇಲ್ಲ. ಇದೇ ಕಾಲಂನಲ್ಲಿ ಒಂದು ಪಂದ್ಯ ಶೇ. 100 ತಲುಪುತ್ತದೆ: 2006ರ ಪ್ಲೇಆಫ್‌ನಲ್ಲಿ ಜಸ್ಟಿನ್ ಊರಿನ ನಾರ್ತ್‌ವೆಸ್ಟ್ ಹೈಸ್ಕೂಲ್ ವಿರುದ್ಧ ಕರ್ಶಾನ ಪರ್ಫೆಕ್ಟ್ ಗೇಮ್, ಅಂದರೆ ಎದುರಾಳಿ ಒಬ್ಬನೂ ಬೇಸ್ ತಲುಪದ ಪಂದ್ಯ. ಮರ್ಸಿ ರೂಲ್‌ನಿಂದ (ರನ್ ಅಂತರ ತೀರಾ ಹೆಚ್ಚಾದರೆ ಆಟ ಬೇಗ ಮುಗಿಸುವ ನಿಯಮ) 5 ಇನ್ನಿಂಗ್ಸ್‌ಗೆ ಮುಗಿದ ಪಂದ್ಯ, ಎದುರಾದವರು 15 ಬ್ಯಾಟರ್‌ಗಳು, ಹದಿನೈದೂ ಸ್ಟ್ರೈಕ್‌ಔಟ್.

ಇನ್ನು ಎಷ್ಟು ಎಸೆದರು ಅನ್ನುವುದು. 2017ರಿಂದ ಹೈಸ್ಕೂಲ್ ಪಂದ್ಯಗಳಿಗೆ ಎಸೆತಗಳ ಮಿತಿ ಬಂದಿದೆ. ಟೆಕ್ಸಾಸ್‌ನ ಸರ್ಕಾರಿ ಶಾಲೆಗಳ ಕ್ರೀಡೆ ನಡೆಸುವ ಯುಐಎಲ್ ನಿಯಮದಲ್ಲಿ ವಾರ್ಸಿಟಿ (ಶಾಲೆಯ ಮುಖ್ಯ ತಂಡದ) ಪಿಚರ್‌ಗೆ ದಿನಕ್ಕೆ ಹೆಚ್ಚೆಂದರೆ 110 ಎಸೆತ, 86 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಕ್ಲೈಡ್‌ನ 148 ಇನ್ನಿಂಗ್ಸ್‌ಗೆ ತಲಾ 15 ಎಸೆತ ಹಿಡಿದರೂ 2,200 ಮೀರುತ್ತದೆ. ಇವತ್ತಿನ ನಿಯಮದಲ್ಲಿ ಪ್ರತಿ ಸಲವೂ ಮಿತಿಯ ಅಂಚಿನವರೆಗೆ ಎಸೆಸಿದರೆ ಇಪ್ಪತ್ತು ಪಂದ್ಯ, ವಿಶ್ರಾಂತಿ ಸೇರಿ ನೂರು ದಿನ. ಕಾಗದದ ಮೇಲೆ ಹೇಗೋ ಹಿಡಿಸಬಹುದು, ಆದರೆ ಒಬ್ಬ ಹುಡುಗನ ತೋಳನ್ನು ಹಾಗೆ ಬಳಸಬಾರದು. ಆದ್ದರಿಂದ ಸೀಸನ್‌ನ ಒಟ್ಟು ಸ್ಟ್ರೈಕ್‌ಔಟ್ ಕಾಲಂನಲ್ಲಿ 2017ರ ಮೊದಲು, ನಂತರ ಎಂದು ಗೆರೆ ಎಳೆದಿದ್ದೇವೆ. ಗೆರೆಯ ಈಚೆಯವರು ಕಡಿಮೆ ಅಂತ ಯಾರೂ ಓದಬಾರದು.

ಯಾರನ್ನು ಸೇರಿಸುವುದು? ಹುಟ್ಟಿದ ಊರಲ್ಲ, ಆಡಿದ ಶಾಲೆ. ಮುಂದೆ ಮೇಜರ್ ಲೀಗ್ ತಾರೆಗಳಾದವರಲ್ಲಿ ಫ್ರ್ಯಾಂಕ್ ರಾಬಿನ್ಸನ್ ಹುಟ್ಟಿದ್ದು ಟೆಕ್ಸಾಸ್‌ನ ಬೋಮಾಂಟ್‌ನಲ್ಲಿ, ಜೋ ಮಾರ್ಗನ್ ಬಾನಮ್‌ನಲ್ಲಿ. ಇಬ್ಬರೂ ಓದಿದ್ದು, ಆಡಿದ್ದು ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ, ಹಾಗಾಗಿ ಇಲ್ಲಿಲ್ಲ. ಓಹಾಯೋದಲ್ಲಿ ಹುಟ್ಟಿದ ರೋಜರ್ ಕ್ಲೆಮೆನ್ಸ್ ಹ್ಯೂಸ್ಟನ್‌ನ ಸ್ಪ್ರಿಂಗ್ ವುಡ್ಸ್ ಹುಡುಗ, ಇದ್ದಾರೆ.

ಇನ್ನೊಬ್ಬ ಮೇಜರ್ ಲೀಗ್ ತಾರೆ ಎರ್ನಿ ಬ್ಯಾಂಕ್ಸ್ ವಿಷಯಕ್ಕೆ ಈ ನಿಯಮ ಸಾಲುವುದಿಲ್ಲ. ಡಲ್ಲಾಸ್‌ನ ಬುಕರ್ ಟಿ. ವಾಷಿಂಗ್ಟನ್ ಹೈಸ್ಕೂಲಿನಿಂದ 1950ರಲ್ಲಿ ಹೊರಬಂದವರು. ಆ ಶಾಲೆಗೆ ಬೇಸ್‌ಬಾಲ್ ತಂಡವೇ ಇರಲಿಲ್ಲ. ಕರಿಯ ಮಕ್ಕಳ ಶಾಲೆಗಳನ್ನು ಆಗ ಯುಐಎಲ್ ಹೊರಗಿಟ್ಟಿತ್ತು. ಅವುಗಳಿಗಿದ್ದದ್ದು ಪ್ರೇರಿ ವ್ಯೂ ಇಂಟರ್‌ಸ್ಕೊಲ್ಯಾಸ್ಟಿಕ್ ಲೀಗ್, 1970ರ ತನಕ ನಡೆಯಿತು. ಯುಐಎಲ್ ದಾಖಲೆ ಮಾತ್ರ ನೋಡಿ ಮಾಡಿದ ಪಟ್ಟಿ ಆ ಕಾಲದ ಮಟ್ಟಿಗೆ ಅರ್ಧ ಪಟ್ಟಿ. ಅದಕ್ಕೇ ಬೇರೆ ಹಾಳೆ ತೆರೆದಿದ್ದೇವೆ. ಅಂಕಿ ಸಿಗದಿದ್ದರೂ ಶಾಲೆ, ಇಸವಿ, ಮುಂದೆ ಆಡಿದ ತಂಡ ಇಷ್ಟಾದರೂ ದಾಖಲಾಗಲೇಬೇಕು.

ಪ್ರಶಸ್ತಿ ಕಾಲಂನಲ್ಲಿ ಒಂದು ಬಲೆ. ಈಗ ಅತಿ ದೊಡ್ಡ ಶಾಲೆಗಳ ವರ್ಗ 6ಎ, ಅದು ಬಂದದ್ದು 2014ರಲ್ಲಿ. ಅದಕ್ಕೆ ಮುಂಚೆ 5ಎ ದೊಡ್ಡದು. ದಿ ವುಡ್‌ಲೆಂಡ್ಸ್ 2006ರಲ್ಲಿ ಗೆದ್ದ 5ಎ, ಬಾಬಿ ವಿಟ್ ಜೂನಿಯರ್ ಇದ್ದ ಕಾಲಿವಿಲ್ ಹೆರಿಟೇಜ್ 2019ರಲ್ಲಿ ಗೆದ್ದ 5ಎ, ಎರಡೂ ಒಂದೇ ಅಲ್ಲ. ವರ್ಗದ ಹೆಸರಿನ ಜೊತೆಗೆ 'ಮೇಲಿನಿಂದ ಎಷ್ಟನೆಯದು' ಎಂಬ ಅಂಕಿಯನ್ನೂ ತುಂಬಿ.

ಡ್ರಾಫ್ಟ್ (ಮೇಜರ್ ಲೀಗ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವುದು) ಸುತ್ತನ್ನು ಗುಣದ ಅಳತೆಯಾಗಿ ಬಳಸಬೇಡಿ. ಆಲ್ವಿನ್ ಹೈಸ್ಕೂಲಿನ ನೋಲನ್ ರಯನ್ 1965ರಲ್ಲಿ 12ನೇ ಸುತ್ತು, 295ನೆಯವರು. ಅದೇ ವುಡ್‌ಲೆಂಡ್ಸ್ ತಂಡದ ಪಾಲ್ ಗೋಲ್ಡ್‌ಶ್ಮಿಟ್ 2006ರಲ್ಲಿ 49ನೇ ಸುತ್ತು. 2021ರಿಂದ ಡ್ರಾಫ್ಟ್ 20 ಸುತ್ತಿಗೇ ಮುಗಿಯುತ್ತದೆ, ಇಂದಾಗಿದ್ದರೆ ಅವರ ಹೆಸರು ಬರುತ್ತಲೇ ಇರಲಿಲ್ಲ.

ಮೇಜರ್ ಲೀಗ್ ಅಂಕಿಗಳನ್ನು ಮುಖ್ಯ ಹಾಳೆಯಿಂದ ತೆಗೆದುಬಿಟ್ಟಿದ್ದೇವೆ. ಈ ಬಗ್ಗೆ ಗಟ್ಟಿಯಾಗಿಯೇ ಇದ್ದೇವೆ. ಕ್ಲೈಡ್ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ, ಕೆಳ ಹಂತದ ಮೈನರ್ ಲೀಗ್ ಮುಟ್ಟದೆ, 1973ರ ಜೂನ್ 27ರಂದು ಟೆಕ್ಸಾಸ್ ರೇಂಜರ್ಸ್ ಪರ ಇಳಿದರು. 5 ಇನ್ನಿಂಗ್ಸ್, ಒಂದೇ ಹಿಟ್, 8 ಸ್ಟ್ರೈಕ್‌ಔಟ್, 7 ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಬಿಟ್ಟಿ ಸಿಗುವ ಬೇಸ್), ಗೆಲುವು. ಕೊನೆಗೆ ಅವರ ವೃತ್ತಿ 18 ಗೆಲುವು, 33 ಸೋಲಿಗೆ ನಿಂತಿತು. ಬ್ರೆನಮ್ ಊರಿನ ಜಾನ್ ಪೀಟರ್ಸ್ 1989ರ ವೇಳೆಗೆ ಸತತ 53 ಪಂದ್ಯ ಗೆದ್ದು ರಾಷ್ಟ್ರೀಯ ದಾಖಲೆ ಮಾಡಿದರು. ತೋಳಿನ ಶಸ್ತ್ರಚಿಕಿತ್ಸೆಗಳಾದವು, ಮೇಜರ್ ಲೀಗ್ ತಲುಪಲಿಲ್ಲ. ಮುಂದೇನಾಯಿತು ಎಂಬ ಕಾಲಂ ಇದ್ದರೆ ಓದುವವರ ಕಣ್ಣು ಅಲ್ಲಿಗೇ ಹೋಗಿ ಈ ಇಬ್ಬರೂ ಕೆಳಗಿಳಿಯುತ್ತಾರೆ. ಹೈಸ್ಕೂಲ್ ಪಟ್ಟಿಯಲ್ಲಿ ಅವರ ಜಾಗ ಮೇಲೆಯೇ.

ಬಾಕಿ ಇರುವುದು: ವುಡ್ ಸಾಲಿನ ಬಾಕ್ಸ್ ಸ್ಕೋರ್‌ಗಳು. ಹಳೆಯ ಪತ್ರಿಕೆಗಳ ಸ್ಕ್ಯಾನ್‌ನಲ್ಲಿ ಹುಡುಕುವಾಗ ಪೂರ್ತಿ ಹೆಸರು ಹಾಕಬೇಡಿ, ಬಾಕ್ಸ್ ಸ್ಕೋರ್‌ನಲ್ಲಿ ಬರುವುದು ಕುಲನಾಮ ಮಾತ್ರ. ವುಡ್‌ನಂಥ ಸಾಮಾನ್ಯ ಹೆಸರಿಗೆ ಎದುರಾಳಿ ಶಾಲೆಯ ಹೆಸರನ್ನೂ ಸೇರಿಸಿ ಹುಡುಕಿದರೆ ಬೇಗ ಸಿಗುತ್ತದೆ. ಆಮೇಲೆ ಬ್ಯಾಟರ್‌ಗಳ ಹಾಳೆ. ಅಲ್ಲಿ ಗೆರೆ 2012ಕ್ಕೆ ಬೀಳುತ್ತದೆ: ಆ ವರ್ಷದಿಂದ ಲೋಹದ ಬ್ಯಾಟ್‌ಗೆ ಬಿಬಿಕೋರ್ ಮಾನದಂಡ ಕಡ್ಡಾಯ, ಚೆಂಡು ಮೊದಲಿನಷ್ಟು ಚಿಮ್ಮುವುದಿಲ್ಲ. ಹೋಮ್ ರನ್ ಕಾಲಂ ತುಂಬುವ ಮೊದಲೇ ಆ ಗೆರೆ ಎಳೆದಿಡುತ್ತೇವೆ.